ನಾಲ್ಕು ಹೆಜ್ಜೆ ಆಚೆ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಬಾಗಿಲ ಬಳಿ ಅತ್ತೆಯ ಚಪ್ಪಲಿ ಕಣ್ಣಿಗೆ ಬಿತ್ತು. ಬಲಗಾಲಿನದಕ್ಕೆ ಕೆಂಪು ಮಣ್ಣು, ಎಡಗಾಲಿನದಕ್ಕೆ ಕಪ್ಪು ಮಣ್ಣು. ಒಬ್ಬಳೇ ಒಂದೇ ಹೊತ್ತಿನಲ್ಲಿ ಎರಡು ಊರಿಗೆ ಹೋಗಿಬಂದ ಹಾಗೆ. ಹೇಳಿದೆ. "ಚಪ್ಪಲೀಲೂ ಕವಿತೆ ಹುಡುಕ್ತೀಯಲ್ಲೇ ಪುಟ್ಟಿ, ನಿನಗೆ ಬೇರೆ ಕೆಲಸ ಇಲ್ವಾ?" ಎಂದಳು.

ಇದೆ. ಇವತ್ತಿನಿಂದ ಇದೆ. ನಗರಸಭೆಯಲ್ಲಿ, ಮೂರು ತಿಂಗಳ ಮಟ್ಟಿಗೆ. ನಮ್ಮ ಮನೆಸಾಲಿನ ಹಿಂದಿನ ಹಳೇ ಬ್ಯಾಟರಿ ಕಾರ್ಖಾನೆಯ ಜಾಗವನ್ನು ಏನು ಮಾಡಬೇಕು ಎಂದು ತೀರ್ಮಾನಿಸುವ ಸಮಿತಿಗೆ ಬರೆದುಕೊಳ್ಳುವವಳು ನಾನು. ಕಾರ್ಖಾನೆ ಕೆಡವಿ, ಜಾಗವನ್ನು ಮೂವತ್ತು ತುಂಡು ಮಾಡಿ, ತರಕಾರಿ ಬೆಳೆದುಕೊಳ್ಳಿ ಎಂದು ಸಾಲಿನವರಿಗೆ ಕೊಟ್ಟು ಇಪ್ಪತ್ತು ವರ್ಷವಾಯಿತು. ಮಣ್ಣಿನಲ್ಲಿ ಸೀಸ ಎಷ್ಟಿದೆ, ಅಲ್ಲಿ ಬೆಳೆದದ್ದನ್ನು ತಿನ್ನಬಹುದೇ ಎಂದು ಕೇಳಬೇಕೆಂದು ನಗರಸಭೆಗೆ ಈಗ ಹೊಳೆದಿದೆ.

ಕಚೇರಿಯ ಅರ್ಜಿಯಲ್ಲಿ 'ಪೋಷಕರು' ಎಂಬಲ್ಲಿ "ಅಪ್ಪನ ಅಕ್ಕ; ಏಳನೇ ವಯಸ್ಸಿನಿಂದ ನನ್ನನ್ನು ಸಾಕಿದವಳು" ಎಂದು ಬರೆದೆ. ಗುಮಾಸ್ತರು ನೋಡಿ, "ಇಷ್ಟೇ ಇಷ್ಟು ಜಾಗದಲ್ಲಿ ಕಾದಂಬರಿ ಬರೆದಿದ್ದೀರಲ್ಲ" ಎಂದರು. ಕಿವಿಯವರೆಗೆ ಬಿಸಿಯಾಯಿತು.

ಸಭೆಯಲ್ಲಿ ಒಂದೂವರೆ ಗಂಟೆ ಕೂತಿದ್ದೆ. ಯಾರೂ ನನ್ನ ಕಡೆ ನೋಡಲಿಲ್ಲ. ಚೆನ್ನಾಗಿತ್ತು. ಪ್ರಕಾಶಕರ ಪತ್ರ ಬರುವವರೆಗೆ ಹೀಗೇ ನಡೆದುಹೋಗಲಿ. ಕರಡು ತಿದ್ದುವ ಕೆಲಸಕ್ಕೆ ಪರೀಕ್ಷೆ ಬರೆದು ತಿಂಗಳಾಯಿತು. ಬೇರೆ ಊರು, ಕಿಟಕಿ ಪಕ್ಕದ ಮೇಜು, ಮಾತಾಡುವ ಅಗತ್ಯವೇ ಇಲ್ಲದ ಕೆಲಸ.

ಮಾರ್ಚ್ 6, ಗುರುವಾರ

ಇಡೀ ದಿನ ಹಿತ್ತಲ ಜಾಗದಲ್ಲಿ. ಉಗ್ರಾಣದಿಂದ ರಬ್ಬರ್ ಬೂಟು ಕೊಟ್ಟಿದ್ದಾರೆ, ಹತ್ತನೇ ನಂಬರಿನದು. ನನ್ನದು ಐದು. ಮುಂದೆ ಪೇಪರ್ ತುರುಕಿಕೊಂಡು ಬಾತುಕೋಳಿಯ ಹಾಗೆ ನಡೆದೆ.

ಮಣ್ಣು ಪರೀಕ್ಷೆಯ ಎಂಜಿನಿಯರಿಗೆ ಅತ್ತೆ ಆಗಲೇ 'ಮಣ್ಣಿನ ಡಾಕ್ಟ್ರು' ಎಂದು ಹೆಸರಿಟ್ಟಿದ್ದಾಳೆ. ಅವರು ನನಗೆ 'ಸಾಹಿತಿಗಳೇ' ಎಂದು ಇಟ್ಟಿದ್ದಾರೆ. "ಸಾಹಿತಿಗಳೇ, ಟೇಪ್ ಹಿಡೀರಿ." ನಕ್ಷೆಯಲ್ಲಿ ಪ್ರತಿ ತುಂಡಿಗೂ ಒಂದು ಗುರುತು ಇದೆ. ಟೇಪ್ ಹಿಡಿದು ಅಳೆಯುವುದು, ಗುರುತಿನ ಮೇಲೆ ಉಕ್ಕಿನ ಕೊಳವೆ ಇಟ್ಟು ಸುತ್ತಿಗೆಯಿಂದ ಗೇಣುದ್ದ ಇಳಿಸುವುದು, ಬಂದ ಮಣ್ಣನ್ನು ಚೀಲಕ್ಕೆ ಹಾಕಿ ನಂಬರು ಬರೆಯುವುದು. ನಂಬರು ನನ್ನ ಕೆಲಸ.

ಹದಿನಾಲ್ಕನೇ ತುಂಡು ಅತ್ತೆಯದು. ಗುರುತು ಸರಿಯಾಗಿ ಅವಳ ಸೊಪ್ಪಿನ ಮಡಿಯ ನಡುವೆ ಬಿತ್ತು.

"ಇಲ್ಲೇನಾ?" ಅತ್ತೆ ಕೊಳವೆಯ ಎದುರಿಗೇ ಬಂದು ನಿಂತಳು. "ನೋಡಿ ಡಾಕ್ಟ್ರೇ, ಇನ್ನು ನಾಲ್ಕು ದಿನಕ್ಕೆ ಕೊಯ್ಲಿಗೆ ಬರೋ ಸೊಪ್ಪು. ಹೆತ್ತ ಮಗು ಥರ ನೋಡ್ಕೊಂಡಿದ್ದೀನಿ. ನಾಲ್ಕು ಹೆಜ್ಜೆ ಆಚೆ ತಗೊಳ್ಳಿ. ಅದೂ ಇಲ್ಲೀ ಮಣ್ಣೇ ತಾನೇ?"

ಡಾಕ್ಟರು ಸೊಪ್ಪು ನೋಡಿದರು. ಕೈಯಲ್ಲಿದ್ದ ಲೋಟ ನೋಡಿದರು. ಅದು ಅತ್ತೆ ಕೊಟ್ಟ ಎರಡನೇ ಲೋಟ ಚಹಾ. ನಾಲ್ಕು ಹೆಜ್ಜೆ ಆಚೆ, ಕಾಲುದಾರಿಯಲ್ಲಿ ಕೊಳವೆ ಇಳಿಸಿದರು. ನಾನು ಚೀಲದ ಮೇಲೆ 'ಹದಿನಾಲ್ಕು' ಎಂದು ಬರೆದೆ. ನನ್ನ ಅಕ್ಷರ ಮುತ್ತಿನ ಹಾಗಿದೆ ಎಂದರು ಡಾಕ್ಟರು.

ಮಾರ್ಚ್ 11, ಮಂಗಳವಾರ

ಚೀಲಗಳನ್ನು ಪ್ರಯೋಗಾಲಯಕ್ಕೆ ಕಳಿಸಲು ಜೋಡಿಸಿದೆ. ಇಪ್ಪತ್ತೊಂಬತ್ತು ಕಪ್ಪು, ಬೂದು. ಹದಿನಾಲ್ಕು ಮಾತ್ರ ಇಟ್ಟಿಗೆಯ ಬಣ್ಣ. ನೋಡಲು ಚೆಂದ.

ಅತ್ತೆ ಆ ಕಾರ್ಖಾನೆಯಲ್ಲಿ ಹದಿನೇಳು ವರ್ಷ ಡಬ್ಬಕ್ಕೆ ಲೇಬಲ್ ಅಂಟಿಸುತ್ತಿದ್ದವಳು. "ನಾನೂ ಲೇಬಲ್, ನೀನೂ ಲೇಬಲ್. ಎಂ.ಎ. ಓದಿಸಿದ್ದಕ್ಕೂ ಸಾರ್ಥಕ ಆಯ್ತು ಬಿಡು" ಎಂದು ಬಿದ್ದು ಬಿದ್ದು ನಕ್ಕಳು.

ಮಾರ್ಚ್ 19, ಬುಧವಾರ

ವರದಿ ಬಂತು. ಎಂಟು ತುಂಡುಗಳಲ್ಲಿ ಸೀಸ ಮಿತಿಗಿಂತ ಹೆಚ್ಚು, ಉಳಿದವು ಮಿತಿಯೊಳಗೆ. ಎಲ್ಲಕ್ಕಿಂತ ಶುದ್ಧ, ಮಿತಿಯ ಹತ್ತರಲ್ಲಿ ಒಂದು ಪಾಲೂ ಇಲ್ಲದ್ದು, ಹದಿನಾಲ್ಕು.

ಅತ್ತೆಯನ್ನು ಹಿಡಿಯುವವರಿಲ್ಲ. ಸಂಜೆಯೊಳಗೆ ಬೀದಿಯ ಆ ತುದಿಯಿಂದ ಈ ತುದಿಗೆ ಮೂರು ಸಲ ಓಡಾಡಿದಳು. "ನನ್ನ ಮಣ್ಣು ಬಂಗಾರ ಅಂತ ಸರ್ಕಾರಾನೇ ಬರ್ಕೊಟ್ಟಿದೆ."

ಮಾರ್ಚ್ 20, ಗುರುವಾರ

ಸಮಿತಿಯ ಅಧ್ಯಕ್ಷೆಯನ್ನು ಎಲ್ಲರೂ ಮೇಡಂ ಎನ್ನುತ್ತಾರೆ. ಅವರಿಗೆ ಉದ್ದ ಮಾತು ಆಗದು. "ಮೂವತ್ತು ಮನೆಯವರು ತರಕಾರಿ ಅಂಗಡೀಲಿ ನನ್ನ ಅಡ್ಡ ಹಾಕಿ ಕೇಳ್ತಾರೆ. ಆಗುತ್ತೋ ಆಗಲ್ವೋ, ಅಷ್ಟು ಹೇಳಿ." ಎಂಟು ತುಂಡು ಮುಚ್ಚುವುದು, ಉಳಿದದ್ದು ಹಾಗೇ ಬಿಡುವುದು ಎಂದಾಯಿತು. ತುಂಡು ಕಳೆದುಕೊಂಡವರ ಸಮಾಧಾನಕ್ಕೆ ಒಂದು ಮಕ್ಕಳ ಆಟದ ಜಾಗ. ಎಲ್ಲಿ? ಎಲ್ಲಕ್ಕಿಂತ ಶುದ್ಧವಾದ ಕಡೆ. ಹದಿನಾಲ್ಕರಲ್ಲಿ.

ಅತ್ತೆ ಬೇಸರಪಟ್ಟುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಕಣ್ಣೊರೆಸಿಕೊಂಡಳು. "ಅರ್ಧ ಮಡಿ ಕೊಡ್ತೀನಿ. ಮಕ್ಕಳು ಆಡಲಿ. ನನ್ನ ಮಣ್ಣಲ್ಲಿ ಆಡಲಿ."

ಮಾರ್ಚ್ 21, ಶುಕ್ರವಾರ

ಪಕ್ಕದ ಹದಿನೈದನೇ ತುಂಡಿನಲ್ಲಿ ಹೂ ಬೆಳೆಯುವವರು ಟೈಲರ್ ಮಾವ. ಅವರ ಎರಡು ವರ್ಷದ ಮೊಮ್ಮಗಳು ಅತ್ತೆಯ ಮಡಿಯ ಅಂಚಿನಲ್ಲಿ ಕೂತು ಮಣ್ಣು ಮುಕ್ಕುತ್ತಿದ್ದಳು. ಮಾವ ಬಾಯೊಳಗೆ ಬೆರಳು ಹಾಕಿ ತೆಗೆದರು. "ಕಳ್ಳಿ, ಎಲ್ಲಿ ಬಿಟ್ರೂ ಮಣ್ಣೇ ಬೇಕು ಇವಳಿಗೆ. ಈಗ ಇವಳಿಗಂತಲೇ ಜಾಗ ಬಂತಲ್ಲ, ಹೊಟ್ಟೆ ತುಂಬ ತಿನ್ಲಿ."

ನನ್ನ ಬೂಟಿಗೆ ಕೆಂಪು ಹತ್ತಿತ್ತು. ಈ ಕೆಂಪು ಎಲ್ಲಿಂದ ಬಂತು ಮಾವ ಎಂದು ಕೇಳಿದೆ.

"ದಾರೀದಾ? ಎರಡು ವರ್ಷದ ಹಿಂದೆ ನಿಮ್ಮತ್ತೆ ಕೆಸರಲ್ಲಿ ಜಾರಿ ಬಿದ್ರಲ್ಲ, ಆಮೇಲೆ ನಾನೇ ಎರಡು ಗಾಡಿ ಕೆಂಪು ಮಣ್ಣು ತರಿಸಿ ಹಾಕಿಸಿದ್ದು. ಮನೆ ಕಟ್ಟೋರತ್ರ ಮಿಕ್ಕಿತ್ತು. ಯಾಕಮ್ಮ?"

ಏನಿಲ್ಲ ಎಂದೆ. ಒಂದು ಚಪ್ಪಲಿ ಕೆಂಪು, ಒಂದು ಕಪ್ಪು. ಪ್ರಯೋಗಾಲಯ ನೋಡಿದ್ದು ಕೆಂಪನ್ನು. ಆ ಮಗು ತಿನ್ನುತ್ತಿದ್ದದ್ದು ಕಪ್ಪನ್ನು. ಕಪ್ಪಿನಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿಲ್ಲ.

ಮಾರ್ಚ್ 23, ಭಾನುವಾರ

ಡಾಕ್ಟರಿಗೆ ಮೂರು ಚೀಟಿ ಬರೆದೆ. ಮೂರನ್ನೂ ಹರಿದೆ. ಮೂರನೆಯದರಲ್ಲಿ ವಾಕ್ಯಗಳು ತೀರ ಚೆನ್ನಾಗಿದ್ದವು. ಅದನ್ನು ನೋಡಿಯೇ ನಾಚಿಕೆಯಾಯಿತು.

ಹೇಳಿದರೆ ಅವರ ಕೆಲಸಕ್ಕೆ ಕುತ್ತು. ಅತ್ತೆಯ ಮುಖ ಬೀದಿಯಲ್ಲಿ ಏನಾಗುತ್ತದೋ. ಮಧ್ಯಾಹ್ನ ಅವಳು ಸೊಪ್ಪು ಕೊಯ್ದು ತಂದಳು. ಹಸಿವಿಲ್ಲ ಎಂದೆ. ಹಣೆ ಮುಟ್ಟಿ ನೋಡಿದಳು.

ಮಾರ್ಚ್ 25, ಮಂಗಳವಾರ

ಆಟದ ಜಾಗದ ಕಡತ ಇವತ್ತು ಸಹಿಗೆ ಹೋಗಬೇಕಿತ್ತು. ಅದಕ್ಕೆ ಮೊದಲು ನಾನು ಪ್ರತಿ ಮಾದರಿಯ ಮುಂದೆ 'ನಕ್ಷೆಯಂತೆ' ಎಂದು ಬರೆದು ರುಜು ಮಾಡಬೇಕು. ಇಪ್ಪತ್ತೊಂಬತ್ತಕ್ಕೆ ಮಾಡಿದೆ.

"ಒಂದು ಬಿಟ್ಟಿದ್ದೀಯಲ್ಲಮ್ಮ," ಎಂದರು ಮೇಡಂ.

ರುಜು ಮಾಡದೆ ಪೆನ್ನು ಕೆಳಗಿಟ್ಟೆ. "ಹದಿನಾಲ್ಕು ನಕ್ಷೆಯಂತೆ ತೆಗೆದಿಲ್ಲ ಮೇಡಂ."

ಮಣ್ಣಿನ ಡಾಕ್ಟರ ಮುಖ ಕೆಂಪಾಯಿತು. ಅವರು ಎದ್ದು ನಿಂತರು, ಶಾಲೆಯಲ್ಲಿ ನಿಂತ ಹಾಗೆ. "ಹೌದು ಮೇಡಂ. ಸರಿಸಿದ್ದು ನಾನು. ಅದು ಹೊರಗಿಂದ ತಂದು ಹಾಕಿದ ಮಣ್ಣು ಅನ್ನೋದು ಬಣ್ಣ ನೋಡಿದ್ರೇ ಗೊತ್ತಾಗಬೇಕಿತ್ತು. ನಾನು ಚಹಾ ಕುಡೀತಿದ್ದೆ."

ಮೇಡಂ ಪೆನ್ನಿನ ಮುಚ್ಚಳ ಹಾಕಿ, ಕಡತ ಹಿಂದಕ್ಕೆ ತಳ್ಳಿದರು. ಹದಿನಾಲ್ಕನ್ನು ಮತ್ತೆ ತೆಗೆಯಬೇಕೆಂದರು.

ಮೆಟ್ಟಿಲ ಮೇಲೆ ಡಾಕ್ಟರು ನನಗಾಗಿ ಕಾದಿದ್ದರು. ಓಡಿಹೋಗಬೇಕೆನಿಸಿತು. "ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಸಾಹಿತಿಗಳೇ. ಮಣ್ಣು ಯಾವತ್ತೂ ಸುಳ್ಳು ಹೇಳಿಲ್ಲ. ಕೇಳೋ ಜಾಗದಲ್ಲಿ ಕೇಳದೇ ಇದ್ದೋನು ನಾನು," ಎಂದರು. ಮೆಟ್ಟಿಲಿಳಿಯುತ್ತ, "ಆದ್ರೂ ನಿಮ್ಮತ್ತೆ ಚಹಾ ಮಾತ್ರ..." ಎಂದು ತಲೆ ಆಡಿಸಿದರು.

ಬೇರೆಯವರ ಬಾಯಿಂದ ಕೇಳುವ ಮೊದಲು ಅತ್ತೆಗೆ ನಾನೇ ಹೇಳಿದೆ.

"ಸೊಪ್ಪು ಉಳೀಲಿ ಅಂತ ಕೇಳಿದ್ದು ಕಣೇ. ಮೋಸ ಮಾಡಕ್ಕಲ್ಲ."

"ಗೊತ್ತು ಅತ್ತೆ."

"ಸಭೇಲಿ ನನ್ನ ಹೆಸರು ಹೇಳಿದ್ಯಾ?"

"ಇಲ್ಲ. ನಂಬರು ಹೇಳಿದೆ."

"ಹದಿನಾಲ್ಕು ಅಂದ್ರೆ ಯಾರು ಅಂತ ಬೀದಿ ನಾಯಿಗೂ ಗೊತ್ತು."

ಮಾರ್ಚ್ 26, ಬುಧವಾರ

"ಮೇಡಂನವರಿಗೆ ಊಟ ಬಡಿಸಿದ್ದೀನಿ." ಇಡೀ ದಿನಕ್ಕೆ ಅತ್ತೆಯದು ಇದೊಂದೇ ಮಾತು. ಮೇಡಂ ಎಂದರೆ ನಾನು, ಪುಟ್ಟಿ ಅಲ್ಲ. ಆದರೆ ತಟ್ಟೆಯ ಮೇಲೆ ಮುಚ್ಚಳ ಇತ್ತು, ಮುಚ್ಚಳದ ಮೇಲೆ ಬಟ್ಟೆ ಇತ್ತು. ಬಿಸಿ ಆರಬಾರದೆಂದು.

ಮಾರ್ಚ್ 28, ಶುಕ್ರವಾರ

ಡಾಕ್ಟರು ಕೊಳವೆ ಹಿಡಿದು ಬಂದಾಗ ಅತ್ತೆ ಆಗಲೇ ಮಡಿಯಲ್ಲಿದ್ದಳು. ಮಿಕ್ಕಿದ್ದ ಸೊಪ್ಪನ್ನೆಲ್ಲ ತಾನೇ ಕಿತ್ತು ರಾಶಿ ಹಾಕಿದ್ದಳು. ಸೊಂಟದ ಮೇಲೆ ಕೈಯಿಟ್ಟು, "ತೆಗೀರಿ. ಎಲ್ಲಿ ಬೇಕೋ ಅಲ್ಲಿ ತೆಗೀರಿ. ಇವತ್ತು ಚಹಾ ಇಲ್ಲ," ಎಂದಳು.

ಕೊಳವೆ ಹಿಟ್ಟಿನೊಳಗೆ ಹೋದ ಹಾಗೆ ಇಳಿಯಿತು. ಅತ್ತೆ ಅದನ್ನೇ ನೋಡುತ್ತಿದ್ದಳು. ಆಮೇಲೆ, ಯಾರಿಗೂ ಅಲ್ಲದ ಹಾಗೆ ಹೇಳಿದಳು: "ಆ ಗೋಡೆ ಪಕ್ಕ ಒಂದು ಶೆಡ್ ಇತ್ತು. ಹಳೇ ಬ್ಯಾಟರಿ ಒಡೀತಿದ್ರು. ಜಾಗ ಹಂಚೋವಾಗ ಎಲ್ಲರೂ ಕಲ್ಲು ಕಲ್ಲು ಅಂತ ಗೊಣಗ್ತಿದ್ರು. ನಾನು ಮಾತ್ರ ಈ ಮೆತ್ತನೆ ಕಪ್ಪು ಮಣ್ಣು ನೋಡಿ, ಇದೇ ಬೇಕು ಅಂತ ಜಗಳ ಆಡಿ ತಗೊಂಡೆ."

ನಾನು ಅವಳ ಕೈ ಹಿಡಿಯಲಿಲ್ಲ. ಪಕ್ಕ ಹೋಗಿ ನಿಂತೆ. ಡಾಕ್ಟರು ಒಂದು ಚೀಲ ಸಾಕು ಎಂದರು. ನಾನು ಐದು ಕಡೆ ತೆಗೆಯೋಣ ಎಂದೆ. ತೆಗೆದರು.

ಮನೆಗೆ ಬಂದ ಮೇಲೆ ಅತ್ತೆ, "ಪುಟ್ಟಿ, ಕೈ ತೊಳ್ಕೋ," ಎಂದಳು. ಮತ್ತೆ ಪುಟ್ಟಿ.

ಏಪ್ರಿಲ್ 8, ಮಂಗಳವಾರ

ಮಿತಿಯ ಎಂಟು ಪಟ್ಟು. ಐದೂ ಕಡೆ.

ಅತ್ತೆ, ನಾನು, ಟೈಲರ್ ಮಾವನ ಮೊಮ್ಮಗಳು, ಮೂವರಿಗೂ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು. ಮೂವರಲ್ಲೂ ಸೀಸ ತುಸು ಹೆಚ್ಚೇ. ಆ ಮಣ್ಣು, ಆ ಸೊಪ್ಪು ನಿಂತರೆ ಇಳಿಯುತ್ತದೆ, ಮಗುವನ್ನು ಮಾತ್ರ ಪ್ರತಿ ತಿಂಗಳು ಕರೆತನ್ನಿ ಎಂದರು ವೈದ್ಯರು. ಸೂಜಿ ಚುಚ್ಚಿದಾಗ ಮಗು ಅಳಲಿಲ್ಲ. ಅತ್ತೆ ಅತ್ತಳು. "ನಾನು ಇವಳಿಗೆ ಮೂಲಂಗಿ ಕಿತ್ತು ಹಾಗೇ ಒರೆಸಿ ಕೊಡ್ತಿದ್ದೆ."

ಟೈಲರ್ ಮಾವ ಮಗುವನ್ನು ಎತ್ತಿ ಅವಳ ತೊಡೆಯ ಮೇಲೆ ಕೂರಿಸಿದರು. "ಅಕ್ಕಾ, ಅಳ್ಬೇಡಿ. ಆ ದಾರಿಗೆ ಮಣ್ಣು ಹಾಕ್ಸಿ ಎಲ್ಲರ ಕಣ್ಣು ಕಟ್ಟಿದೋನು ನಾನು."

"ನೀನು ಹಾಕ್ಸಿದ್ದು ನಾನು ಬೀಳ್ಬಾರ್ದು ಅಂತ ಕಣಯ್ಯ, ಸುಮ್ನಿರು."

ಏಪ್ರಿಲ್ 10, ಗುರುವಾರ

ಮೇಡಂ ಈಗ ಈ ಕಡೆಯಿಂದ ಆ ಕಡೆಗೆ ವಾಲಿದ್ದಾರೆ. "ಯಾವ ಅಂಕಿಯನ್ನೂ ನಂಬಕ್ಕಾಗಲ್ಲ. ಮೂವತ್ತೂ ತುಂಡಿನ ಮಣ್ಣು ಎತ್ತಿಸಿ, ಕಾಂಕ್ರೀಟ್ ಹಾಕಿ, ವಾಹನ ನಿಲ್ಲಿಸೋ ಜಾಗ ಮಾಡೋಣ. ಮುಗೀತು." ಹಲವರು ಹೌದೆಂದು ತಲೆಯಾಡಿಸಿದರು.

ನಾನು ಬರೆದುಕೊಳ್ಳುತ್ತಿದ್ದೆ. ಬರೆಯುತ್ತ ಬರೆಯುತ್ತ, ಎತ್ತಿದ ಮಣ್ಣು ಎಲ್ಲಿಗೆ ಹೋಗುತ್ತೆ ಮೇಡಂ ಎಂದೆ. ಊರಾಚೆಗೆ ಎಂದರು. ಆ ಊರಾಚೆ ಇನ್ನೊಬ್ಬರ ಊರಲ್ವಾ, ಅಲ್ಲೂ ಯಾರಾದರೂ ಅತ್ತೆ ಇರ್ತಾರಲ್ಲ ಎಂದೆ. ಯಾರೋ ನಕ್ಕರು. ಮೇಡಂ ಅವರೇ ಇರಬೇಕು. ಆಮೇಲೆ ಏನೇನು ಹೇಳಿದೆನೋ ಸರಿಯಾಗಿ ನೆನಪಿಲ್ಲ: ಇಪ್ಪತ್ತೊಂಬತ್ತು ಗುರುತು ಅಳೆದು ತೆಗೆದದ್ದು, ಟೇಪ್ ಹಿಡಿದಿದ್ದವಳು ನಾನು, ಅವು ಇದ್ದಲ್ಲೇ ಇದ್ದವು. ಆದರೆ ಒಂದು ತುಂಡಿಗೆ ಒಂದೇ ಗುರುತು ಸಾಲದು, ಐದೈದು ಕಡೆ ನೋಡಬೇಕು. ಹೊರಗಿನ ಮಣ್ಣು ಎಲ್ಲಿ ಹಾಕಿದ್ದಾರೆ, ಯಾವ ಶೆಡ್ ಎಲ್ಲಿತ್ತು ಎಂದು ಅಲ್ಲಿ ದುಡಿದವರನ್ನು ಮೊದಲೇ ಕೇಳಬೇಕಿತ್ತು, ಈಗಲಾದರೂ ಕೇಳಬೇಕು. ಚೆನ್ನಾಗಿರುವ ಮಣ್ಣನ್ನೂ ಕಾಂಕ್ರೀಟಿನಡಿ ಹೂತರೆ ಯಾರಿಗೆ ಲಾಭ?

"ಮೈಗೆ ಜ್ವರ ಬಂದಿದೆಯಾ ಅಂತ ಒಂದು ಬೆರಳಿಗೆ ಥರ್ಮಾಮೀಟರ್ ಇಟ್ಟಿದ್ವಿ ಮೇಡಂ. ಬೆರಳು ತಣ್ಣಗಿತ್ತು. ಅದಕ್ಕೆ ಈಗ ಮೈಯನ್ನೇ ಸುಟ್ಟುಹಾಕೋದು ಬೇಡ," ಎಂದರು ಡಾಕ್ಟರು.

ಗಂಟಲು ಒಣಗಿತ್ತು. ಲೋಟ ಖಾಲಿ ಮಾಡಿ ಕೆಳಗಿಟ್ಟ ಮೇಲೆ ಗೊತ್ತಾಯಿತು, ಅದು ಮೇಡಂ ಲೋಟ. ಭೂಮಿ ಬಾಯಿಬಿಡಬಾರದೇ ಎನಿಸಿತು. ಮೇಡಂ ಇನ್ನೊಂದು ಲೋಟ ನೀರು ತರಿಸಿ ನನ್ನ ಮುಂದೆಯೇ ಇಟ್ಟರು. ಎರಡು ವಾರ ಸಮಯ ಕೊಟ್ಟಿದ್ದಾರೆ.

ಏಪ್ರಿಲ್ 18, ಶುಕ್ರವಾರ

ಸೋಮವಾರ ಕಾರ್ಖಾನೆಯಲ್ಲಿ ದುಡಿದಿದ್ದ ಏಳು ಜನ ನಮ್ಮ ಅಡುಗೆಮನೆಯಲ್ಲಿ. ಮೇಜಿನ ಮೇಲೆ ನಕ್ಷೆ, ಅದರ ಮೂಲೆಗಳ ಮೇಲೆ ಅತ್ತೆಯ ನಾಲ್ಕು ಡಬ್ಬ. ಒಬ್ಬರು "ಆಸಿಡ್ ತೊಟ್ಟಿ ಇಲ್ಲಿತ್ತು" ಎಂದರೆ ಇನ್ನೊಬ್ಬರು "ನಿನ್ನ ತಲೆ, ಅದು ಕ್ಯಾಂಟೀನು" ಎನ್ನುತ್ತಾರೆ. ಕೂಗಾಟ, ನಗು, ಮಧ್ಯೆ ಮಧ್ಯೆ ತೀರಿಹೋದವರ ನೆನಪು. ಅತ್ತೆಗೆ ಎಲ್ಲ ನೆನಪಿದೆ. ಅವಳ ಬೆರಳು ಎಲ್ಲಿ ನಿಂತಿತೋ ಅಲ್ಲಿ ನಾನು ಚುಕ್ಕಿ ಇಟ್ಟೆ.

ಹೊಲಿಗೆಯ ಸೀಮೆಸುಣ್ಣ ತಂದು ಟೈಲರ್ ಮಾವ ಹೊರಗಿನ ಮಣ್ಣು ಹಾಕಿದ್ದ ಕಡೆಯೆಲ್ಲ ಗೆರೆ ಎಳೆದರು. ಗೆರೆ ಅಷ್ಟು ನೇರ!

ಆಮೇಲೆ ಮೂರು ದಿನ ಕೊಳವೆ, ಸುತ್ತಿಗೆ. ಒಂಬತ್ತನೇ ತುಂಡಿನವರು ಟೊಮೇಟೊ ಕೋಲು ಕೀಳಬೇಡಿ ಎಂದು ಕೈಮುಗಿದರು. ಡಾಕ್ಟರು ನನ್ನ ಮುಖ ನೋಡಿದರು. ಕೋಲನ್ನು ನಾನೇ ಕಿತ್ತು, ಮಣ್ಣು ತೆಗೆದ ಮೇಲೆ ಮತ್ತೆ ನೆಟ್ಟುಕೊಟ್ಟೆ. ಬೂಟಿನೊಳಗೆ ಪೇಪರ್ ಜಾರಿ ಹಿಮ್ಮಡಿಗೆ ಬೊಬ್ಬೆ ಎದ್ದಿದೆ.

ಮೇ 2, ಶುಕ್ರವಾರ

ತೀರ್ಮಾನವಾಯಿತು. ಇಪ್ಪತ್ತೆರಡು ತುಂಡು ಎಂದಿನಂತೆ. ಆರರಲ್ಲಿ ನೆಲಕ್ಕೆ ದಪ್ಪ ಬಟ್ಟೆ ಹಾಸಿ, ಮೇಲೆ ಮರದ ಪೆಟ್ಟಿಗೆಯಿಟ್ಟು, ಹೊಸ ಮಣ್ಣಿನಲ್ಲಿ ಬೆಳೆಯಬೇಕು. ಗೋಡೆ ಪಕ್ಕದ ಎರಡನ್ನು, ಹದಿಮೂರು ಮತ್ತು ಹದಿನಾಲ್ಕನ್ನು, ಮುಚ್ಚಿ ಹುಲ್ಲು ಬೆಳೆಸುವುದು. ಅಲ್ಲಿ ಯಾರೂ ಅಗೆಯುವಂತಿಲ್ಲ. ಪ್ರತಿ ವರ್ಷ ಮತ್ತೆ ಪರೀಕ್ಷೆ. ಆಟದ ಜಾಗ ಮೂರನೇ ತುಂಡಿನಲ್ಲಿ. ಅಲ್ಲಿ ಹತ್ತು ಕಡೆ ನೋಡಿದ್ದೇವೆ.

ಫಲಕಕ್ಕೆ ಬರೆಯುವುದು ನನ್ನ ಪಾಲಿಗೆ ಬಂತು. ಹದಿನಾಲ್ಕರ ಮುಂದೆ 'ತಾಂತ್ರಿಕ ಕಾರಣದಿಂದ ಮುಚ್ಚಲಾಗಿದೆ' ಎಂದರೆ ಸಾಕು ಎಂದಿದ್ದರು ಮೇಡಂ. ಕರಡನ್ನು ಅತ್ತೆಗೆ ಓದಿ ಹೇಳಿದೆ.

"ತಾಂತ್ರಿಕ ಕಾರಣ ಅಂದ್ರೆ ಯಾರು, ನಾನಾ?" ಎಂದಳು. "ಇದ್ದಿದ್ದು ಇದ್ದ ಹಾಗೆ ಬರಿ. ನಾಳೆ ಯಾವ ಮುದುಕಿಯೋ ಮೆತ್ತನೆ ಮಣ್ಣು ಅಂತ ಆಸೆಪಟ್ಟು ಅಗೆದಾಳು."

ಬರೆದೆ: "ಇಲ್ಲಿ ಹಳೆಯ ಬ್ಯಾಟರಿ ಒಡೆಯುತ್ತಿದ್ದರು. ಮಣ್ಣು ಮೆತ್ತಗಿದೆ, ಆದರೆ ಅದರಲ್ಲಿ ಸೀಸವಿದೆ. ಮೊದಲ ಸಲ ನಾವು ನಾಲ್ಕು ಹೆಜ್ಜೆ ಆಚೆ ನೋಡಿ ತಪ್ಪಿದೆವು. ದಯವಿಟ್ಟು ಅಗೆಯಬೇಡಿ." ಮೇಡಂ ಎರಡು ಸಲ ಓದಿ, ಒಂದಕ್ಷರವನ್ನೂ ಮುಟ್ಟದೆ ರುಜು ಹಾಕಿದರು.

ಮೇ 26, ಸೋಮವಾರ

ಬೆಳಿಗ್ಗೆ ಬಾಗಿಲಾಚೆ ಅತ್ತೆಯ ಚಪ್ಪಲಿ. ಈಗ ಅವು ಹೊರಗೇ ಇರುತ್ತವೆ, ಒಳಗೆ ಬರುವಂತಿಲ್ಲ. ಎರಡಕ್ಕೂ ಕೆಂಪು ಮಣ್ಣು. ಹದಿನಾಲ್ಕರಲ್ಲಿ ಈಗ ಕಾಲಿಡಲು ಮಡಿಯಿಲ್ಲ. ಆ ದಾರಿಯಲ್ಲೇ ನಡೆದು ಕೊನೆಯಲ್ಲಿ ಖಾಲಿಯಿದ್ದ ಇಪ್ಪತ್ತೇಳಕ್ಕೆ ಹೋಗುತ್ತಾಳೆ. ಬರೀ ಕಲ್ಲು ಎಂದು ದಿನಾ ಬೈಯುತ್ತಾಳೆ. ಆದರೂ ಹೋಗುವಾಗೊಮ್ಮೆ ಬರುವಾಗೊಮ್ಮೆ ಹದಿನಾಲ್ಕರ ಬಳಿ ನಿಂತು ಹುಲ್ಲು ಚಿಗುರಿತೇ ಎಂದು ನೋಡುವುದನ್ನು ಅಡುಗೆಮನೆ ಕಿಟಕಿಯಿಂದ ನೋಡಿದ್ದೇನೆ.

ಪ್ರಕಾಶಕರ ಪತ್ರ ಬಂದಿದೆ. ಒಂದನೇ ತಾರೀಕು ಬಂದು ಸೇರಬೇಕಂತೆ. ಅತ್ತೆ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. "ಹೋಗು. ನೀನು ಓದಿದ್ದು ಇದಕ್ಕೇ ತಾನೇ? ಮುದುಕಿ ಏನು ಮಾಡ್ತಾಳೋ ಅಂತ ನೋಡ್ಬೇಡ, ನನಗೆ ಟೈಲರ್ ಜೊತೆ ಜಗಳ ಆಡಕ್ಕೇ ದಿನ ಸಾಲಲ್ಲ."

ನಾನು ಹಿಂದೆಮುಂದೆ ನೋಡುತ್ತಿರುವುದು ಅವಳಿಗಾಗಿ ಅಲ್ಲ ಎಂದು ಹೇಳಬೇಕೆಂದುಕೊಂಡೆ. ಅವಳು ಆಗಲೇ ಚಪ್ಪಲಿ ಮೆಟ್ಟಿ ಇಪ್ಪತ್ತೇಳರ ಕಲ್ಲು ಆರಿಸಲು ಹೊರಟುಹೋಗಿದ್ದಳು.

ಮಧ್ಯಾಹ್ನ ಕಚೇರಿಯಲ್ಲಿ ಡಾಕ್ಟರು ಮುಂದಿನ ಜಾಗದ ನಕ್ಷೆ ಹರಡಿದ್ದರು. ನದಿ ದಡದ ಹಳೇ ಬಣ್ಣದ ಕಾರ್ಖಾನೆ, ನಲವತ್ತು ಗುರುತು. "ಇದಕ್ಕೆ ಯಾರನ್ನ ಕೊಡ್ತಾರೋ. ಟೇಪ್ ಹಿಡಿಯೋರು ಬೇಕಾದಷ್ಟು ಜನ ಸಿಗ್ತಾರೆ ಸಾಹಿತಿಗಳೇ," ಎಂದು ಅರ್ಧಕ್ಕೇ ನಿಲ್ಲಿಸಿದರು. ಅಲ್ಲಿ ದುಡಿದವರು ಯಾರಾದರೂ ಇದ್ದಾರಾ, ಮೊದಲು ಅವರ ಅಡುಗೆಮನೆಗೆ ಹೋಗಬೇಕು ಎಂದೆ. ಅವರು ನಕ್ಷೆಯ ಅಂಚಿನಲ್ಲಿ ಅದನ್ನು ಬರೆದುಕೊಂಡರು. ನಾನು ಹೇಳಿದ್ದು, ಅವರು ಬರೆದುಕೊಂಡದ್ದು.

ಉಗ್ರಾಣಕ್ಕೆ ಹತ್ತನೇ ನಂಬರಿನ ಬೂಟು ತೊಳೆದು ಹಿಂದಿರುಗಿಸಿದೆ. ಒಳಗಿದ್ದ ಪೇಪರ್ ಮುದ್ದೆ ನನ್ನ ಬೆರಳುಗಳ ಆಕಾರಕ್ಕೇ ಗಟ್ಟಿಯಾಗಿತ್ತು.

ಪ್ರಕಾಶಕರಿಗೆ ಉತ್ತರ ಬರೆದಾಯಿತು, ಎರಡೇ ಸಾಲು. ನಾಳೆ ಬೆಳಿಗ್ಗೆ ಅಂಚೆಗೆ ಹಾಕಬೇಕು. ಅಂಚೆ ಕಚೇರಿಯ ಪಕ್ಕದ ಅಂಗಡಿಯಲ್ಲಿ ರಬ್ಬರ್ ಬೂಟು ಸಿಗುತ್ತದಂತೆ. ಐದನೇ ನಂಬರು ಕೇಳುತ್ತೇನೆ.